ಮೇಡಂ ಎದುರಿಗೆ ಅಡ್ಡಾಗೋದು ಹೆಂಗ್ರಿ

ದಾವಣಗೆರೆ

ಹಾಲೆಂಡಿಗೆ ಹೋಗಿಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಟ್ಯುಲಿಪ್ ಹೂವಿನ ತೋಟದ ಬಗ್ಗೆ. ನೋಡಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ರೈಲಿನ ಕಿಟಕಿಯಲ್ಲಿ ಕೆಂಪು, ಹಳದಿ ಪಟ್ಟಿಗಳು ಸರಿದುಹೋದವು, ಅಷ್ಟೇ. ನಾನು ಹೋದ ಕೆಲಸವೇ ಬೇರೆ ಇತ್ತು.

ನಾನು ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ಎಂ.ಸಿ.ಸಿ. ಬಡಾವಣೆಯಲ್ಲಿ. ಸಂಶೋಧನೆ ಮಂಡಕ್ಕಿ ಭಟ್ಟಿಯ ಮೇಲೆ. ನಗಬೇಡಿ, ನನ್ನ ಮನೆಯವರು ನಕ್ಕು ಮುಗಿಸಿದ್ದಾರೆ. ಕಾದ ಮರಳಿಗೆ ಅಕ್ಕಿ ಸುರಿದಾಗ ಆ ರಾಶಿಯೊಳಗೆ ಬಿಸಿ ಹೇಗೆ ಹರಡುತ್ತದೆ, ಭಾರ ಹೇಗೆ ಇಳಿಯುತ್ತದೆ ಎಂದು ಎಂಟು ವರ್ಷ ನೋಡಿದ್ದೇನೆ. ಕಾಳಿನ ರಾಶಿಯಲ್ಲಿ ಭಾರ ನೆಟ್ಟಗೆ ಕೆಳಗಿಳಿಯುವುದಿಲ್ಲ. ಒಂದು ಕಾಳು ಪಕ್ಕದ ಕಾಳಿಗೆ, ಅದು ಅದರ ಪಕ್ಕದ್ದಕ್ಕೆ ದಾಟಿಸುತ್ತ ಹೋಗುತ್ತದೆ. ಇಷ್ಟನ್ನು ಬರೆದು ಒಂದು ಪತ್ರಿಕೆಗೆ ಕಳಿಸಿದ್ದೆ. ಅದನ್ನು ಓದಿದವರು ಮೂವರೋ ನಾಲ್ವರೋ ಇರಬೇಕು ಎಂದುಕೊಂಡು ಸುಮ್ಮನಿದ್ದೆ.

ಆ ನಾಲ್ವರಲ್ಲಿ ಒಬ್ಬಾಕೆ ಹ್ಯಾನೆಕೆ. ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಆರೈಕೆ ಕೇಂದ್ರವಿದೆ, ಅದರ ಸಂಶೋಧನಾ ತಂಡಕ್ಕೆ ಅವಳು ಮುಖ್ಯಸ್ಥೆ. ಅವಳ ಪತ್ರದಲ್ಲಿ ಹೀಗಿತ್ತು: ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರು ಗಾಲಿಕುರ್ಚಿಯಲ್ಲಿ ಕೂತು ಕೂತು, ಒತ್ತಡಕ್ಕೆ ಚರ್ಮ ಸತ್ತು, ಗಾಯವಾಗುತ್ತದೆ, ನೋವು ಗೊತ್ತಾಗದ್ದರಿಂದ ಗಾಯವೂ ಗೊತ್ತಾಗುವುದಿಲ್ಲ, ಕಾಳು ತುಂಬಿದ ದಿಂಬಿನಿಂದ ಆ ಒತ್ತಡವನ್ನು ಹಂಚಬಹುದೇ ಎಂದು ನಮಗೆ ಕುತೂಹಲ, ನಮ್ಮ ತಂಡದವರೆಲ್ಲ ಬೆನ್ನುಹುರಿಯನ್ನೇ ನೋಡಿ ನೋಡಿ ಕಣ್ಣು ಕಟ್ಟಿದವರು, ಬೆನ್ನುಹುರಿ ನೋಡಿಯೇ ಇಲ್ಲದವರು ಬೇಕಾಗಿದ್ದಾರೆ. ಏನೂ ಗೊತ್ತಿಲ್ಲ ಎನ್ನುವ ಅರ್ಹತೆಯ ಮೇಲೆ ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು.

ಬರುವಾಗ ನಿಮ್ಮ ಊರಿನ ಅಳತೆಗಳನ್ನೂ ತನ್ನಿ ಎಂದಿದ್ದಳು. ಕಾಗದದಷ್ಟು ತೆಳುವಾದ, ಒತ್ತಡ ಅಳೆಯುವ ಒಂದು ಹಾಸನ್ನೂ ಒಂದು ಪ್ರಶ್ನಾವಳಿಯನ್ನೂ ಕಳಿಸಿದ್ದಳು. ಕಾಲೇಜಿನ ಸಮಿತಿಯ ಒಪ್ಪಿಗೆ ಪಡೆದು, ಮಾರ್ಚ್ ತಿಂಗಳಲ್ಲಿ ಸ್ಕೂಟರ್ ಹತ್ತಿ, ದಾವಣಗೆರೆ ಹರಿಹರ ಸೇರಿ ಬೆನ್ನುಹುರಿಗೆ ಪೆಟ್ಟಾದವರಿರುವ ಹದಿನಾಲ್ಕು ಮನೆ ಸುತ್ತಿದೆ.

ಹರಿಹರ, ಕೊನೆಯ ಮನೆ

ಹದಿನಾಲ್ಕನೆಯದು ಮಂಜಣ್ಣನ ಮನೆ. ದಾವಣಗೆರೆ ಪಕ್ಕದ ಕರೂರಿನ ಒಂದು ಕಾರ್ಖಾನೆಯ ಛಾವಣಿಗೆ ಶೀಟು ಹಾಕುವಾಗ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಈಗ ಹರಿಹರದ ಮನೆಯಲ್ಲೇ ಫ್ಯಾನಿನ ಮೋಟಾರಿಗೆ ತಂತಿ ಸುತ್ತಿಕೊಡುತ್ತಾನೆ. ಬೇಸಿಗೆಯ ಮೂರು ತಿಂಗಳು ಅವನಿಗೆ ಸುಗ್ಗಿ. ನಾನು ಹೋದಾಗ ಬಾಗಿಲಿನಿಂದ ಒಳಗಿನವರೆಗೂ ರೆಕ್ಕೆ ಕಳಚಿದ ಫ್ಯಾನುಗಳು ಸಾಲಾಗಿ ಕೂತಿದ್ದವು.

"ಬರ್ರಿ ಮೇಡಂ, ಕೂಡ್ರಿ. ಬಿಸಿಲಾಗ ಬಂದೀರಿ," ಎಂದು ಮಂಜಣ್ಣ ಬಿಚ್ಚುತ್ತಿದ್ದ ಮೋಟಾರನ್ನು ಪಕ್ಕಕ್ಕಿಟ್ಟ. ಹೆಂಡತಿ ರತ್ನಮ್ಮ ಅವನಿಗೆ ತೊಳೆದ ಅಂಗಿ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿದಳು.

ಅಳತೆಗೆ ಅರ್ಧ ಗಂಟೆ ಸಾಕಿತ್ತು. ಬರಿಯ ಕುರ್ಚಿಯ ಮೇಲೂ ಒಂದು ಅಳತೆ ಇರಲಿ, ಹೋಲಿಸಲು ಅನುಕೂಲ ಎಂದು ನಾನೇ ಯೋಚಿಸಿ ಅವನ ದಿಂಬು ತೆಗೆಸಿದೆ. ಹಾಸು ಹಾಸಿದೆ. ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ನಿಂತುಹೋಯಿತು. ಮತ್ತೆ ಶುರು ಮಾಡಿದೆ. ಮತ್ತೆ ನಿಂತಿತು. ಅಷ್ಟರಲ್ಲಿ ರತ್ನಮ್ಮ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ ತಂದಳು. ಪಕ್ಕದ ಮನೆಯವರು ಬಂದು ನಾನು ಯಾರ ಪೈಕಿ ಎಂದು ವಿಚಾರಿಸಿದರು. ಮಾತಿಗೆ ಮಾತು ಬೆಳೆಯಿತು. ಮಂಜಣ್ಣ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಒಳ್ಳೆ ಶಿಸ್ತಿನ ಮನುಷ್ಯ, ಅಳತೆ ಅಲುಗಾಡದೆ ಬರುತ್ತಿದೆ ಎಂದು ನನಗೆ ಖುಷಿಯೋ ಖುಷಿ. ನಾನು ಎದ್ದಾಗ, ಬಂದು ಎರಡೂವರೆ ಗಂಟೆ ಕಳೆದಿತ್ತು.

ಪ್ರಶ್ನಾವಳಿಯ ಮೊದಲ ಪ್ರಶ್ನೆ, ಈ ವಾರ ಹೇಗಿದ್ದೀರಿ ಎಂಬುದು. ಕೇಳಿದೆ.

"ಆರಾಮ್ ಅದೀನ್ರಿ."

ಬರೆದುಕೊಂಡೆ. ಹದಿಮೂರು ಮನೆಯಲ್ಲೂ ಅದೇ ಉತ್ತರ ಬಂದಿತ್ತು. ಇಷ್ಟು ಕಷ್ಟದಲ್ಲೂ ನಮ್ಮ ಜನ ಎಷ್ಟು ಗಟ್ಟಿ ಎಂದುಕೊಳ್ಳುತ್ತ ಹರಿಹರದಿಂದ ಸ್ಕೂಟರ್ ಓಡಿಸಿಕೊಂಡು ಬಂದೆ.

ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ಎರಡು ಕಿಲೋ ಕಪ್ಪು ಮರಳಿತ್ತು, ಭಟ್ಟಿಯಲ್ಲಿ ವರ್ಷಗಟ್ಟಲೆ ಕಾದು ನುಣುಪಾದದ್ದು. ಜೊತೆಗೆ ಒಂದು ದೊಡ್ಡ ಚೀಲ ಮಂಡಕ್ಕಿ. ಹಾಲೆಂಡಿನಲ್ಲಿ ಇಳಿದ ಕೂಡಲೇ ಸುಂಕದವನು ಪೆಟ್ಟಿಗೆ ತೆರೆಸಿದ. ಎರಡಾಳೆತ್ತರದ ಮನುಷ್ಯ. ಮರಳನ್ನು ಬೆರಳಲ್ಲಿ ಉಜ್ಜಿ, ಮೂಸಿ, ಇದೇನು ಎಂದು ಕೇಳಿದ.

"ಮರಳು," ಎಂದೆ.

"ನಮ್ಮಲ್ಲೂ ಇದೆ," ಎಂದ. ಸಮುದ್ರ ದಂಡೆಯ ದೇಶ, ಅವನು ಹೇಳಿದ್ದು ಸುಳ್ಳಲ್ಲ.

ಮರಳು, ಅಕ್ಕಿ, ಬೆಂಕಿ ಎಂದೆಲ್ಲ ಕೈಬಾಯಿ ಆಡಿಸಿ ವಿವರಿಸಿದೆ. ಕೊನೆಗೆ ಮಂಡಕ್ಕಿ ಚೀಲ ಬಿಚ್ಚಿ ಅವನ ಮುಂದೆ ಹಿಡಿದೆ. ಯಂತ್ರಕ್ಕೆ ಒಡ್ಡಿ ಪರೀಕ್ಷೆ ಮಾಡಿ ಮುಗಿಸಿದ ಮೇಲೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. "ರುಚಿಯೇ ಇಲ್ಲ," ಎಂದ. ಅತಿಥಿ ತಂದ ತಿಂಡಿಯನ್ನು ಹೀಗೆ ಮುಖಕ್ಕೆ ಹೊಡೆದಂತೆ ಹಳಿಯುತ್ತಾರಲ್ಲ ಎಂದು ಪಿಚ್ಚೆನಿಸಿತು. ಒಗ್ಗರಣೆ ಹಾಕದ ಮಂಡಕ್ಕಿಯ ಮಟ್ಟಿಗೆ ಅವನು ಹೇಳಿದ್ದು ಸರಿಯೇ ಎಂದು ರೈಲಿನಲ್ಲಿ ಕೂತ ಮೇಲೆ ಒಪ್ಪಿಕೊಂಡೆ.

ಮೊದಲ ಎರಡು ದಿನ

ಹ್ಯಾನೆಕೆಯ ತಂಡದಲ್ಲಿ ಹೊರಗಿನವರಿಗೆ ಒಂದು ಕಟ್ಟಳೆ ಇದೆ. ಮೊದಲ ಎರಡು ದಿನ ಪ್ರಶ್ನೆ ಮಾತ್ರ ಕೇಳಬೇಕು, ಉತ್ತರ ಕೊಡುವಂತಿಲ್ಲ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಬಾಯಿ ಇದು. ಯಾರಾದರೂ ತಪ್ಪು ಹೇಳಿದರೆ ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು ಕೂರಬೇಕು. ಮೊದಲ ದಿನ ಸಂಜೆ ನನಗೆ ತಲೆನೋವೇ ಬಂತು. ನನ್ನ ಹಾಗೇ ಹೊರಗಿನಿಂದ ಬಂದಿದ್ದ ಇನ್ನೊಬ್ಬ, ಸೈಕಲ್ಲಿನ ಸೀಟು ವಿನ್ಯಾಸ ಮಾಡುವವನು, ನನಗಿಂತ ಹೆಚ್ಚು ಒದ್ದಾಡುತ್ತಿದ್ದ. ನಾವಿಬ್ಬರೂ ಕಾರಿಡಾರಿನಲ್ಲಿ ಒಬ್ಬರಿಗೊಬ್ಬರು ಉತ್ತರ ಹೇಳಿಕೊಂಡು ಹಗುರಾಗುತ್ತಿದ್ದೆವು.

ಅಲ್ಲಿ ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಬರುತ್ತದೆ. ಒಂದು ತೆಗೆದುಕೊಂಡ ಮೇಲೆ ಡಬ್ಬಿ ಮುಚ್ಚಿ ಒಳಗೆ ಹೋಗುತ್ತದೆ. ಎರಡನೆಯ ಸಲ ಒತ್ತಾಯ ಮಾಡುವವರಿಲ್ಲ. ನಾನೋ, ಒತ್ತಾಯ ಮಾಡಿದ ಮೇಲೆ ತಗೊಂಡರಾಯಿತು ಎಂದು ಮೊದಲ ಸಲ ಬೇಡ ಎಂದವಳು. ಮೂರು ಹೊತ್ತು ಬಿಸ್ಕತ್ತಿಲ್ಲದೆ ಕಾಫಿ ಕುಡಿದೆ. ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ನಡುವೆ ಏನೂ ಇಲ್ಲ. ಹೇಗಿದ್ದೀರಿ ಎಂದು ಕೇಳಿದರೆ, "ಚೆನ್ನಾಗಿಲ್ಲ, ನಿದ್ದೆ ಬಂದಿಲ್ಲ, ಹೊಟ್ಟೆ ಸರಿಯಿಲ್ಲ," ಎಂದು ಪೂರ್ತಿ ಹೇಳುತ್ತಾರೆ. ಪಾಪ, ಕೇಳಿದವರ ಗತಿ ಏನು ಎಂದು ಯೋಚಿಸುವುದಿಲ್ಲ.

ಎರಡನೆಯ ದಿನ ಹ್ಯಾನೆಕೆ ನನ್ನ ಹದಿನಾಲ್ಕು ಪ್ರಶ್ನಾವಳಿಗಳನ್ನು ಮಗುಚಿ ನೋಡಿದಳು. "ಹದಿನಾಲ್ಕು ಜನವೂ ಆರಾಮವೇ?" ಎಂದಳು.

"ಹೌದು," ಎಂದೆ, ಹೆಮ್ಮೆಯಿಂದಲೇ.

"ಹಾಗಿದ್ದರೆ ನಿಮ್ಮ ಊರಿಗೆ ನಮ್ಮ ದಿಂಬು ಬೇಕಿಲ್ಲ," ಎಂದಳು. ಅವಳು ಕುಹಕ ಆಡಿದ್ದಲ್ಲ. ಬರೆದದ್ದನ್ನು ಓದಿ ಹೇಳಿದಳು. ಜೊತೆಯಾಗಿ ಕೆಲಸ ಮಾಡುವ ಊರುಗಳ ಪಟ್ಟಿ ಆ ವಾರದ ಕೊನೆಗೆ ತೀರ್ಮಾನವಾಗುವುದಿತ್ತು.

ಮೂರನೆಯ ದಿನ

ಮೂರನೆಯ ದಿನ ಬಾಯಿ ಬಿಡಲು ಅಪ್ಪಣೆಯಾಯಿತು. ಭಟ್ಟಿ, ಮರಳು, ಕಾಳಿನ ರಾಶಿ ಎಲ್ಲದರ ಬಗ್ಗೆ ನಾನು ಮಾತಾಡಬೇಕು. ಒಳ್ಳೆಯ ಇಳಕಲ್ ಸೀರೆ ಉಟ್ಟು ನಿಂತೆ. ಎದುರಿಗೆ ಹತ್ತು ಜನ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಯೂಪ್. ಅವನು ಬಡಗಿಯಾಗಿದ್ದವನು, ಅಟ್ಟಣಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವನು. ಈಗ ಅದೇ ತಂಡದಲ್ಲಿ ಸಂಬಳದ ಸಂಶೋಧಕ. ಗಾಯದ ಬಗ್ಗೆ ಗಾಯವಾದವನನ್ನು ಬಿಟ್ಟು ಮಾತಾಡುವುದಿಲ್ಲ ಎಂಬುದು ಅವರ ಇನ್ನೊಂದು ಕಟ್ಟಳೆ.

ಮಾತು ಶುರುಮಾಡಿ ಹತ್ತು ನಿಮಿಷವಾಗಿರಬೇಕು. ಯೂಪ್ ಎರಡೂ ಕೈ ಊರಿ ಮೈಯನ್ನು ಕುರ್ಚಿಯಿಂದ ಮೇಲೆತ್ತಿದ. ಸ್ವಲ್ಪ ಹೊತ್ತು ಹಾಗೇ ಇದ್ದು ಕೂತ. ಏನೋ ಕೇಳಲಿಕ್ಕಿದೆ ಎಂದು ನಾನು ಮಾತು ನಿಲ್ಲಿಸಿದೆ. ಅವನು ಮುಂದುವರಿಸಿ ಎಂದು ಸನ್ನೆ ಮಾಡಿದ. ಮತ್ತೆ ಸ್ವಲ್ಪ ಹೊತ್ತಿಗೆ ಹಾಗೇ ಎತ್ತಿದ. ಆಮೇಲೆ, ನನ್ನ ಭಾಷಣದ ಮುಖ್ಯ ಘಟ್ಟದಲ್ಲಿ, ಕುರ್ಚಿಯನ್ನು ಗೋಡೆಯ ಕಡೆ ಉರುಳಿಸಿಕೊಂಡು ಹೋಗಿ, ಅಲ್ಲಿದ್ದ ಮಂಚಕ್ಕೆ ಜಾರಿ, ಬೋರಲು ಮಲಗಿಬಿಟ್ಟ!

ನನ್ನ ತರಗತಿಯಲ್ಲಿ ಕೊನೆಯ ಬೆಂಚಿನವರು ತೂಕಡಿಸುತ್ತಾರೆ, ಆದರೆ ಮಂಚ ಹುಡುಕಿಕೊಂಡು ಹೋದವರಿಲ್ಲ. ಬೇರೆಯವರು ಯಾರೂ ಅತ್ತ ತಿರುಗಿಯೂ ನೋಡಲಿಲ್ಲ. ಯೂಪ್ ಮಲಗಿದಲ್ಲಿಂದಲೇ ತಲೆಯೆತ್ತಿ, ಮರಳಿನ ಬಗ್ಗೆ ಆ ದಿನದ ಅತ್ಯಂತ ಒಳ್ಳೆಯ ಪ್ರಶ್ನೆ ಕೇಳಿದ.

ಕಾಫಿಯ ಹೊತ್ತಿಗೆ ತಡೆಯಲಾರದೆ ಕೇಳಿಬಿಟ್ಟೆ, ನನ್ನ ಮಾತು ಅಷ್ಟು ಬೇಜಾರೇ ಎಂದು.

"ಸ್ವಲ್ಪ ಉದ್ದವಾಯಿತು," ಎಂದ ಯೂಪ್. "ಆದರೆ ಮಲಗಿದ್ದು ಅದಕ್ಕಲ್ಲ. ಕೂತೇ ಇದ್ದರೆ ಗಾಯವಾಗುತ್ತದೆ. ನಿಮ್ಮ ಊರಿನವರು ಎಷ್ಟು ಹೊತ್ತಿಗೊಮ್ಮೆ ಮೈ ಎತ್ತುತ್ತಾರೆ?"

ಎತ್ತುವುದಿಲ್ಲ ಎನ್ನಲು ಬಾಯಿ ತೆರೆದೆ. ನಾನು ನೋಡಿದ ಹದಿನಾಲ್ಕು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ವಾಲಿರಲಿಲ್ಲ, ಮಲಗಿರಲಿಲ್ಲ. ಎಲ್ಲರೂ ನೆಟ್ಟಗೆ ಕೂತಿದ್ದರು. ಕೂತದ್ದು ನನ್ನ ಎದುರಿಗೆ. ತೊಳೆದ ಅಂಗಿ ಹಾಕಿಕೊಂಡು, ಕಾಲೇಜಿನ ಮೇಡಂ ಬಂದಾರೆ ಎಂದು. ಮನೆಗೆ ಬಂದವರ ಮುಂದೆ ಯಾರಾದರೂ ಅಡ್ಡಾಗುತ್ತಾರೆಯೇ? ನನ್ನಪ್ಪ ಜ್ವರದಲ್ಲಿದ್ದಾಗಲೂ ನೆಂಟರು ಬಂದರೆ ಎದ್ದು ಕೂರುತ್ತಿದ್ದರು. ಉಳಿದ ಮನೆಗಳಲ್ಲಿ ನಾನು ಕೂತದ್ದು ಅರ್ಧ ಗಂಟೆ, ಅದೂ ಅವರವರ ದಿಂಬಿನ ಮೇಲೆ. ಮಂಜಣ್ಣನದೊಂದೇ ಎರಡೂವರೆ ಗಂಟೆ. ದಿಂಬೂ ಇಲ್ಲ. ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ.

ಫೋನು

ಕ್ಯಾಂಟೀನಿನ ಮೂಲೆಯಿಂದ ಹರಿಹರಕ್ಕೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ಇಳಿಯುವ ಹೊತ್ತು. ರತ್ನಮ್ಮ ಎತ್ತಿಕೊಂಡಳು.

"ಮೇಡಂ! ಆರಾಮ್ ಅದೀರೇನ್ರಿ? ಅಲ್ಲಿ ಭಾಳ ಚಳಿ ಅಂತಲ್ಲ?"

"ಮಂಜಣ್ಣ ಹೆಂಗಿದಾರೆ ರತ್ನಮ್ಮ?"

"ಆರಾಮ್ ಅದಾರ್ರಿ."

"ಫೋನ್ ಕೊಡ್ರಿ ಅವ್ರಿಗೆ."

"ಮಲಗ್ಯಾರ್ರಿ."

"ಈ ಹೊತ್ತಿನಾಗ ಯಾಕ?"

ಹಿಂದೆ ಯಾರೋ ಫ್ಯಾನು ರಿಪೇರಿ ಆಯಿತೇ ಎಂದು ಕೇಳುವುದು, ಅವಳು ಇಲ್ಲ ಎನ್ನುವುದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಒಂಚೂರು ಗಾಯ ಆಗೈತ್ರಿ, ಕುಂಡಿ ಹತ್ರ. ನೀವು ಬಂದ್ ಹೋದ ಮರುದಿನ ಕೆಂಪಗಿತ್ತು. ಆಮೇಲೆ ಒಡೀತು. ದಾವಣಗೆರೆಗೆ ಕರಕೊಂಡು ಹೋಗಿ ತೋರಿಸ್ದೆ. ಡಾಕ್ಟ್ರು ಕೂಡ್ಸಲೇ ಬ್ಯಾಡ್ರಿ ಅಂದಾರೆ."

"ನನಗ್ಯಾಕ ಹೇಳ್ಲಿಲ್ಲ?"

"ನೀವು ಫಾರಿನ್ನಿಗೆ ಹೊಂಟಿದ್ರಿ. ಹೋಗೋ ಮುಂದ ಇಂಥದ್ದೆಲ್ಲ ಯಾಕ ಹೇಳ್ಬೇಕು, ಬ್ಯಾಡ ಅಂದ್ರು ಇವ್ರು."

"ಅವತ್ತು ಸಾಕು ಅನ್ನಬೇಕಿತ್ತಲ್ಲ ರತ್ನಮ್ಮ. ಒಂದ್ ಮಾತು ಅಂದಿದ್ರೆ ಎದ್ದು ಹೋಗ್ತಿದ್ದೆ."

"ನಾ ಕಣ್ಣಾಗೇ ಅಂದೆ ಅವ್ರಿಗೆ, ಒರಗ್ರಿ ಅಂತ. ಅವ್ರು ಆಮೇಲೆ ಬೈದ್ರು. ಮೇಡಂ ಎದುರಿಗೆ ಅಡ್ಡಾಗೋದು ಹೆಂಗ್ರಿ?"

ಫೋನು ಇಟ್ಟೆ. ಅವನಿಗೆ ನೋವಾಗುವುದಿಲ್ಲ, ಹಾಗಾಗಿ ಕೂತ. ನನಗೆ ಕಾಣಿಸುವುದಿಲ್ಲ, ಹಾಗಾಗಿ ಕೂರಿಸಿದೆ. ಅವತ್ತು ಅವನೆದುರೇ ಬಜ್ಜಿ ತಿಂದೆ, ಇನ್ನೊಂದು ಹಾಕಿಸಿಕೊಂಡೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ನಾಲ್ಕನೆಯ ದಿನ

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಹೇಳಿದೆ. ಪ್ರಶ್ನಾವಳಿಯ ಹದಿನಾಲ್ಕು ಆರಾಮಗಳು ಆರಾಮಗಳಲ್ಲ, ಬಂದವರಿಗೆ ಹೇಳುವ ಮರ್ಯಾದೆಯ ಮಾತು. ಅಳತೆಗಳೂ ಅವರು ದಿನಾ ಕೂರುವ ರೀತಿಯದಲ್ಲ, ಮೇಡಂ ಎದುರು ಕೂರುವ ರೀತಿಯದು. ನನ್ನ ಅಳತೆಯಿಂದಲೇ ಒಬ್ಬನಿಗೆ ಗಾಯವಾಗಿದೆ, ಬೇಸಿಗೆಯ ಅವನ ಸುಗ್ಗಿ ಹಾಳಾಗಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ನಮ್ಮಲ್ಲಾದರೆ ಯಾರಾದರೂ ಇಷ್ಟು ಹೊತ್ತಿಗೆ, ಪರವಾಗಿಲ್ಲ ಬಿಡಿ ಮೇಡಂ, ನೀವು ಬೇಕಂತ ಮಾಡಿದ್ದಲ್ಲವಲ್ಲ ಎನ್ನುತ್ತಿದ್ದರು. ಅಲ್ಲಿ ಯಾರೂ ಅನ್ನಲಿಲ್ಲ. "ಹೌದು, ತಪ್ಪು ಮಾಡಿದ್ದೀರಿ," ಎಂದಳು ಹ್ಯಾನೆಕೆ. "ದಿಂಬು ತೆಗೆಸಬಾರದಿತ್ತು. ಗಡಿಯಾರ ನೋಡಬೇಕಿತ್ತು." ಜೊತೆಗೇ, "ಹಾಸು ಕಳಿಸಿದವರು ನಾವು. ಇಂತಿಷ್ಟೇ ಹೊತ್ತು ಎಂದು ಅದರ ಮೇಲೆ ಬರೆಯಲಿಲ್ಲ. ಅದು ನಮ್ಮ ತಪ್ಪು," ಎಂದಳು. ಹದಿನಾಲ್ಕು ಕಾಗದಗಳನ್ನೂ ಒಟ್ಟು ಮಾಡಿ ಪಕ್ಕಕ್ಕಿಟ್ಟಳು. ವಿಚಿತ್ರವೆಂದರೆ, ಪರವಾಗಿಲ್ಲ ಎಂದಿದ್ದರೆ ಆಗದಷ್ಟು ಸಮಾಧಾನ ನನಗೆ ಆ ತಪ್ಪು ಎಂಬ ಮಾತಿನಿಂದಾಯಿತು.

ಯೂಪ್ ಮಾತ್ರ ಬೇರೆಯೇ ಯೋಚಿಸುತ್ತಿದ್ದ. "ನಾನು ಅವನ ಜೊತೆ ಮಾತಾಡಬೇಕು," ಎಂದ.

ವಿಡಿಯೋ ಹಚ್ಚಿದೆವು. ಹರಿಹರದಲ್ಲಿ ಮಂಜಣ್ಣ ಮಂಚದ ಮೇಲೆ ಬೋರಲಾಗಿ ಮಲಗಿದ್ದ. ನನ್ನ ಮುಖ ಕಂಡದ್ದೇ ಕೈ ಊರಿ ಏಳಲು ನೋಡಿದ. "ಏಳಬ್ಯಾಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಹ್ಯಾನೆಕೆಯೇ ಬೆಚ್ಚಿದಳು.

ಹೇಗಿದ್ದೀಯ ಎಂದು ಯೂಪ್ ಕೇಳಿದ. ನಾನು ಕನ್ನಡದಲ್ಲಿ ದಾಟಿಸಿದೆ.

"ಆರಾಮ್ ಅದೀನಿ ಅಂತ ಹೇಳ್ರಿ ಅವ್ರಿಗೆ."

ಹೇಳಿದೆ. "ಸುಳ್ಳು," ಎಂದ ಯೂಪ್. "ನಾನೂ ನನ್ನ ಅಮ್ಮನಿಗೆ ಹಾಗೇ ಹೇಳುತ್ತಿದ್ದೆ." ಅಷ್ಟು ಹೇಳಿ ಪಕ್ಕಕ್ಕೆ ವಾಲಿ, ಪ್ಯಾಂಟನ್ನು ಸೊಂಟದಿಂದ ಸರಿಸಿ, ಹಳೆಯ ಗಾಯದ ಗುರುತನ್ನು ಕ್ಯಾಮೆರಾಕ್ಕೆ ಹಿಡಿದ. ಮುಷ್ಟಿಯಷ್ಟು ದೊಡ್ಡ ಗುಳಿ. ನಾನು ಬೇರೆ ಕಡೆ ನೋಡಿದೆ. ಮಂಜಣ್ಣ ನೋಡುತ್ತಲೇ ಇದ್ದ. "ರತ್ನಾ, ಬಾ ಇಲ್ಲಿ, ನೋಡು," ಎಂದು ಹೆಂಡತಿಯನ್ನೂ ಕರೆದ.

"ಎಷ್ಟ್ ದಿನ ಬೋರಲು ಮಲಗಿದ್ರಂತೆ ಕೇಳ್ರಿ ಮೇಡಂ."

"ಮೂರು ತಿಂಗಳು," ಎಂದ ಯೂಪ್.

"ಅಷ್ಟ್ ದಿನ ಏನ್ ಮಾಡ್ತಿದ್ರಂತೆ?"

"ಎಲ್ಲರನ್ನೂ ಬೈಯುತ್ತಿದ್ದೆ. ಡಾಕ್ಟರು, ನರ್ಸು, ಹೆಂಡತಿ, ಹ್ಯಾನೆಕೆ."

ಮಂಜಣ್ಣ ಮೊದಲ ಸಲ ನಕ್ಕ. "ಬೈಯ್ಯಾಕೂ ಬಿಡ್ತಾರೇನ್ರಿ ಅಲ್ಲಿ?"

ಆಮೇಲೆ ನನ್ನ ಅಗತ್ಯವೇ ಅವರಿಗೆ ಹೆಚ್ಚು ಇರಲಿಲ್ಲ. ಕೈಸನ್ನೆಯಲ್ಲೇ ಮಾತಾಡಿಕೊಂಡರು. ದಿನಾ ಹೇಗೆ ಕೆಲಸ ಮಾಡುತ್ತೀಯ ಎಂದು ಯೂಪ್ ಕೇಳಿದ್ದಕ್ಕೆ ಮಂಜಣ್ಣ ರತ್ನಮ್ಮನ ಕೈಗೆ ಫೋನು ಕೊಟ್ಟು ತೋರಿಸಿದ. ಅವನು ತಂತಿ ಸುತ್ತುವುದು ಬೋರಲು ಮಲಗಿಯೇ ಅಂತೆ, ಗಾಯವಾಗುವುದಕ್ಕೆ ಮುಂಚಿನಿಂದಲೂ. ಸ್ವಲ್ಪ ಹೊತ್ತು ಕೂತು ಮೋಟಾರು ಬಿಚ್ಚುವುದು, ಆಮೇಲೆ ಮಲಗಿ ಸುತ್ತುವುದು. ಈಗ ಕೂರುವಂತಿಲ್ಲದೆ ಬಿಚ್ಚುವ ಕೆಲಸವೇ ನಿಂತಿತ್ತು. ನಾನು ಹೋದ ದಿನ ನನ್ನ ಮರ್ಯಾದೆಗೆ ಆ ಕೆಲಸ ನಿಲ್ಲಿಸಿದ್ದ, ಹಾಗಾಗಿ ನಾನು ನೋಡಿರಲಿಲ್ಲ. ಎದೆಯ ಕೆಳಗೆ ಒಂದು ಪುಟ್ಟ ಬಟ್ಟೆಯ ದಿಂಬಿತ್ತು.

"ಅದರಲ್ಲಿ ಏನಿದೆ?" ಎಂದಳು ಹ್ಯಾನೆಕೆ.

"ಸಾಸಿವಿ ಐತ್ರಿ," ಎಂದಳು ರತ್ನಮ್ಮ. "ಮಗಳು ಕೂಸಿದ್ದಾಗ ತಲೆ ಗುಂಡಗಾಗ್ಲಿ ಅಂತ ಹೊಲಿದಿದ್ದು. ಇವ್ರಿಗೆ ಹತ್ತಿ ದಿಂಬು ಚಪ್ಪಟೆ ಆಗ್ತೈತಿ, ಇದು ಆಗಲ್ಲ."

ನಾನು ದಾಟಿಸಿ ಮುಗಿಸುವಷ್ಟರಲ್ಲಿ ಸೈಕಲ್ ಸೀಟಿನವನು ಎದ್ದು ನಿಂತಿದ್ದ. ಸಾಸಿವೆ ಕಾಳಿನ ಗಾತ್ರ ಎಷ್ಟು, ದಿಂಬಿಗೆ ಎಷ್ಟು ತುಂಬಿದ್ದಾರೆ, ತಳದಲ್ಲಿ ಬಟ್ಟೆ ಯಾವುದು ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ರತ್ನಮ್ಮ ಸೆರಗು ಸರಿಮಾಡಿಕೊಂಡು ಒಂದೊಂದಕ್ಕೇ ಉತ್ತರ ಕೊಟ್ಟಳು. ಎರಡು ಕಿಲೋ ಮರಳನ್ನು ಸಮುದ್ರ ದಾಟಿಸಿದ ಮಂಡಕ್ಕಿ ಪಂಡಿತೆ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನನ್ನ ಸ್ವಂತ ಮಗಳಿಗೂ ಅಂಥದೇ ದಿಂಬು ಹೊಲಿದಿದ್ದೆ. ಅಳೆಯಬೇಕು ಎಂದು ಒಂದು ದಿನವೂ ತೋಚಿರಲಿಲ್ಲ.

ವಾರದ ಕೊನೆಗೆ ಹ್ಯಾನೆಕೆ ಪಟ್ಟಿ ಓದಿದಳು. ದಾವಣಗೆರೆ ಇತ್ತು, ಹರಿಹರ ಬೇರೆಯಾಗಿ ಇತ್ತು. ಹರಿಹರದ ಮುಂದೆ ನನ್ನ ಹೆಸರಿರಲಿಲ್ಲ. ಮಂಜಣ್ಣ, ರತ್ನಮ್ಮ ಎಂಬ ಇಬ್ಬರು ಸಂಶೋಧಕರ ಹೆಸರಿಗೆ ಜಾಗ ಬಿಟ್ಟಿದ್ದೇನೆ, ಅವರ ಒಪ್ಪಿಗೆ ಕೇಳಿಕೊಂಡು ಬನ್ನಿ ಎಂದಳು.

ಮತ್ತೆ ಹರಿಹರ

ಮೇ ತಿಂಗಳ ಬಿಸಿಲಿನಲ್ಲಿ ಸ್ಕೂಟರ್ ನಿಲ್ಲಿಸಿ ಒಳಗೆ ಹೋದೆ. ಬಾಗಿಲಲ್ಲಿ ಫ್ಯಾನುಗಳ ಸಾಲು ಮೊದಲಿನಷ್ಟಿರಲಿಲ್ಲ. ಕೆಲವರು ಕಾದು ಬೇಸತ್ತು ಬೇರೆ ಕಡೆ ಒಯ್ದಿದ್ದರಂತೆ. ಮಂಜಣ್ಣ ಬೋರಲು ಮಲಗಿ ತಾಮ್ರದ ತಂತಿ ಸುತ್ತುತ್ತಿದ್ದ. ಗಾಯ ಅರ್ಧ ಮಾಗಿದೆ, ಇನ್ನೂ ಕೂರುವಂತಿಲ್ಲ ಎಂದು ರತ್ನಮ್ಮ ಬಾಗಿಲಲ್ಲೇ ಹೇಳಿದ್ದಳು.

ನನ್ನನ್ನು ಕಂಡದ್ದೇ ಅವನ ಕೈ ತಂತಿ ಬಿಟ್ಟಿತು. "ಬರ್ರಿ ಮೇಡಂ, ಕೂಡ್ರಿ. ರತ್ನಾ, ಕುರ್ಚಿ ತಾ, ನನ್ನ ಒಂಚೂರು ಎಬ್ಬಿಸು."

"ರತ್ನಮ್ಮ, ಕುರ್ಚಿ ಬ್ಯಾಡ. ಚಾಪೆ ಐತೇನು?"

ಚಾಪೆ ಬಂತು. ಅವನ ಗಿಡ್ಡ ಮಂಚದ ಪಕ್ಕಕ್ಕೆ ಹಾಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಐವತ್ತೊಂದು ವರ್ಷದ ಮೊಣಕಾಲು ಮಡಚಿ, ಅವನ ಹಾಗೇ ಬೋರಲು ಮಲಗಿದೆ. ನೆಲ ತಣ್ಣಗಿತ್ತು.

"ಅಯ್ಯೋ, ಅಲ್ಲಿ ಬ್ಯಾಡ್ರಿ ಮೇಡಂ, ಸೀರೆ ಧೂಳಾಗ್ತೈತಿ," ಎಂದಳು ರತ್ನಮ್ಮ. ಪಕ್ಕದ ಮನೆಯವಳು ಬಾಗಿಲಿಗೆ ಬಂದವಳು ನೋಡಿ ಹಾಗೇ ಹಿಂದಕ್ಕೆ ಹೋದಳು. ಮಂಜಣ್ಣನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕೊನೆಗೆ ಅವನೂ ಕೈ ಸಡಿಲಬಿಟ್ಟು ಸಾಸಿವೆ ದಿಂಬಿನ ಮೇಲೆ ಗಲ್ಲ ಇಟ್ಟ. ನಮ್ಮಿಬ್ಬರ ಮುಖ ಹತ್ತಿರ ಹತ್ತಿರ ಇತ್ತು.

ಚೀಲದಿಂದ ಹೊಸ ಪ್ರಶ್ನಾವಳಿ ತೆಗೆದೆ. ಮೊದಲ ಪ್ರಶ್ನೆ ಅದೇ.

"ಈ ವಾರ ಹೆಂಗಿದ್ರಿ ಮಂಜಣ್ಣ?"

ಅವನು ಬಾಯಿ ತೆರೆದ. ಆ ಹಳೆಯ ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ನುಂಗಿಕೊಂಡ. ತಂತಿಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಚಲೋ ಇಲ್ರಿ," ಎಂದ. "ಸೀಜನ್ ಹೋತು. ರಾತ್ರಿ ನಿದ್ದಿ ಬರಲ್ಲ. ಮತ್ತೆ..." ನನ್ನ ಮುಖ ನೋಡಿದ. "ನಿಮ್ ಮ್ಯಾಲೆ ಭಾಳ ಸಿಟ್ ಐತ್ರಿ ಮೇಡಂ."

ರತ್ನಮ್ಮ ಒಳಗಿನಿಂದ, "ಏನಂತೀರಿ ನೀವು!" ಎಂದಳು.

"ಅನ್ಲಿ ಬಿಡ್ರಿ," ಎಂದೆ. ಪೆನ್ನು ತೆಗೆದು ಮೊದಲ ಪ್ರಶ್ನೆಯ ಮುಂದೆ ಅವನು ಹೇಳಿದಷ್ಟನ್ನೂ ಹೇಳಿದ ಹಾಗೇ ಬರೆದೆ.

ಅವನು ಕತ್ತು ಚಾಚಿ ಕಾಗದ ನೋಡಿದ. "ಸಿಟ್ಟಿಂದೂ ಬರ್ಕೊಂಡ್ರೇನ್ರಿ?"

"ಬರ್ಕೊಂಡೆ."

"ಹಂಗಾದ್ರೆ ಎರಡನೇದು ಕೇಳ್ರಿ," ಎಂದ ಮಂಜಣ್ಣ.